ಮಾರಿಯೋ ಜಿಗಿದದ್ದು ಹೇಗೆ?

ಕಟ್ಟೆ, ಕೊಳವೆ, ಹೊಂಡಗಳನ್ನು ಹಾರಿ ದಾಟುತ್ತ ಮುಂದೆ ಸಾಗುವ ವಿಡಿಯೋ ಗೇಮ್‌ಗೆ ಪ್ಲಾಟ್‌ಫಾರ್ಮ್ ಆಟ ಎನ್ನುತ್ತಾರೆ. 'ಸೂಪರ್ ಮಾರಿಯೋ ಬ್ರದರ್ಸ್' ಇಂಥ ಆಟಗಳಲ್ಲಿ ಮೊದಲನೆಯದು ಎಂದು ಅನೇಕರು ನಂಬಿದ್ದಾರೆ. ಅದು ನಿಜವಲ್ಲ. ಅದೇ ನಿಂಟೆಂಡೊ ಕಂಪನಿಯ 'ಡಾಂಕಿ ಕಾಂಗ್' 1981ರಲ್ಲೇ ಬಂದಿತ್ತು, ಮಾರಿಯೋ ಹುಟ್ಟಿದ್ದೂ ಅದರಲ್ಲೇ. ಆಗ ಅವನ ಹೆಸರು ಜಂಪ್‌ಮ್ಯಾನ್.

ಕ್ಯೋಟೊ ನಗರದ ನಿಂಟೆಂಡೊ 1889ರಲ್ಲಿ ಹನಾಫುದ ಎಂಬ ಜಪಾನಿ ಇಸ್ಪೀಟೆಲೆ ತಯಾರಿಸುತ್ತ ಶುರುವಾದ ಕಂಪನಿ. ಅದರ ಫ್ಯಾಮಿಕಾಮ್ ಎಂಬ ವಿಡಿಯೋ ಗೇಮ್ ಯಂತ್ರಕ್ಕಾಗಿ ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಮತ್ತು ಸಂಗಡಿಗರು ಮಾಡಿದ 'ಸೂಪರ್ ಮಾರಿಯೋ ಬ್ರದರ್ಸ್' 1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ಬಿಡುಗಡೆಯಾಯಿತು. 32 ಹಂತಗಳು, ಚಿತ್ರಗಳು, ಕೋಜಿ ಕೊಂಡೊ ಅವರ ಸಂಗೀತ, ಎಲ್ಲವೂ ಸೇರಿ ಬರೀ 40 ಕಿಲೋಬೈಟ್! ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಆಟದ ಮೋಡವನ್ನೂ ನೆಲದ ಪೊದೆಯನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ.

ಆದರೆ ಈ ಆಟದ ಜೀವ ಇರುವುದು ಜಿಗಿತದಲ್ಲಿ. ಅದು ಅಷ್ಟು ಹಿತವಾಗಿರಲು ಭೌತಶಾಸ್ತ್ರದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೇ ಕಾರಣ ಎಂದು ತುಂಬ ಜನ ಹೇಳುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧ. ಮೇಲಕ್ಕೆಸೆದ ಚೆಂಡಿನ ಮೇಲೆ ಏರುವಾಗಲೂ ಇಳಿಯುವಾಗಲೂ ಒಂದೇ ಗುರುತ್ವ ಇರುತ್ತದೆ. ಮಾರಿಯೋನ ಲೋಕದಲ್ಲಿ ಗುರುತ್ವ ಎರಡು ಬಗೆಯದು. ಗುಂಡಿಯನ್ನು ಒತ್ತಿಹಿಡಿದು ಏರುತ್ತಿರುವಷ್ಟು ಹೊತ್ತು ಹಗುರ ಗುರುತ್ವ. ಬೆರಳೆತ್ತಿದ ಕೂಡಲೇ, ಇಲ್ಲವೇ ಕೆಳಮುಖವಾದ ಕೂಡಲೇ, ಅದು ಸುಮಾರು ಮೂರೂವರೆ ಪಟ್ಟು ಹೆಚ್ಚುತ್ತದೆ. ಹೀಗಾಗಿ ಗುಂಡಿಯನ್ನು ಮೆಲ್ಲಗೆ ತಟ್ಟಿದರೆ ಚಿಕ್ಕ ನೆಗೆತ, ಒತ್ತಿಹಿಡಿದರೆ ಎತ್ತರದ ನೆಗೆತ. ನಿಂತಲ್ಲಿಂದ ಜಿಗಿದರೆ ಸುಮಾರು ನಾಲ್ಕು ಇಟ್ಟಿಗೆ ಎತ್ತರ ಏರುತ್ತಾನೆ, ಓಡಿಬಂದು ಜಿಗಿದರೆ ಐದು. ಗಾಳಿಯಲ್ಲಿರುವಾಗಲೂ ಎಡಕ್ಕೋ ಬಲಕ್ಕೋ ಸರಿಯಬಲ್ಲ. ಇದನ್ನು ಯಾವ ಭೌತಶಾಸ್ತ್ರವೂ ಒಪ್ಪದು! ಆಡುವವರ ಬೆರಳು ಮಾತ್ರ ಒಪ್ಪುತ್ತದೆ. ಅಂದಹಾಗೆ, ಅವನು ಇಟ್ಟಿಗೆ ಒಡೆಯುವುದು ತಲೆಯಿಂದಲ್ಲ. ಜಿಗಿಯುವಾಗ ಕೈ ಎತ್ತಿರುತ್ತಾನೆ, ಪೆಟ್ಟು ಕೊಡುವುದು ಆ ಮುಷ್ಟಿ.

ಇಂಥ ಜಿಗಿತವನ್ನು ಒಂದಕ್ಷರ ವಿವರಣೆಯೂ ಇಲ್ಲದೆ ಕಲಿಸುವುದು ಮೊದಲ ಹಂತ. ಎದುರಿಗೆ ಗೂಂಬಾ ಎಂಬ ಶತ್ರು ನಡೆದು ಬರುತ್ತದೆ, ಸುಮ್ಮನೆ ನಿಂತರೆ ಸಾವು. ಪ್ರಶ್ನೆಚಿಹ್ನೆಯ ಪೆಟ್ಟಿಗೆಯಿಂದ ಬಂದ ಅಣಬೆ ಬಲಕ್ಕೆ ಸರಿದು, ಕೊಳವೆಗೆ ಬಡಿದು, ತಿರುಗಿ ನಮ್ಮತ್ತಲೇ ಬರುತ್ತದೆ. ಇದೂ ಶತ್ರುವೇ ಎಂದು ಹೆದರಿ ಹಾರಿದರೆ ತಲೆಯ ಮೇಲಿನ ಇಟ್ಟಿಗೆಗೆ ತಗುಲಿ ಅಣಬೆಯ ಮೇಲೆಯೇ ಬೀಳುವ ಸಾಧ್ಯತೆ ಹೆಚ್ಚು. ಬಿದ್ದರೆ ಮಾರಿಯೋ ದೊಡ್ಡವನಾಗುತ್ತಾನೆ. ಇನ್ನೂ ಮುಂದೆ ಎದುರುಬದುರು ಮೆಟ್ಟಿಲುಗಳ ಎರಡು ಜೋಡಿಗಳಿವೆ. ಮೊದಲ ಜೋಡಿಯ ನಡುವೆ ನೆಲ, ಎರಡನೆಯದರ ನಡುವೆ ಹೊಂಡ. ಅಪಾಯವಿಲ್ಲದ ಕಡೆ ಅಭ್ಯಾಸ, ಆಮೇಲೆ ಪರೀಕ್ಷೆ. ಪಾಠ ಹೇಳುವ ಎಲ್ಲರೂ ಇದನ್ನು ಒಮ್ಮೆ ನೋಡಬೇಕೆಂದು ನನ್ನ ಆಸೆ.

1983ರಲ್ಲಿ ಕುಸಿದುಬಿದ್ದಿದ್ದ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಮತ್ತೆ ಎದ್ದು ನಿಂತದ್ದರಲ್ಲಿ ಈ ಆಟದ ಪಾಲು ದೊಡ್ಡದು. 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಿಗೂ ಫ್ಯಾಮಿಕಾಮ್‌ನ ಅಗ್ಗದ ನಕಲು ಯಂತ್ರಗಳ ಮೂಲಕ ಮಾರಿಯೋ ಬಂದ. 2023ರಲ್ಲಿ ಕೊಂಡೊ ಅವರ ರಾಗ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿತು. ಆ ಮನ್ನಣೆ ಪಡೆದ ಮೊದಲ ವಿಡಿಯೋ ಗೇಮ್ ಸಂಗೀತ ಅದು. ಜಿಗಿತದ ಗುರುತ್ವವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸುವ ವಿದ್ಯೆ 2018ರ 'ಸೆಲೆಸ್ಟ್'ನಂಥ ಆಟಗಳಲ್ಲೂ ಮುಂದುವರಿದಿದೆ.

ಪ್ರೋಗ್ರಾಮಿಂಗ್ ಕಲಿಯುತ್ತಿರುವವರು ಇಲ್ಲಿಗೇ ನಿಲ್ಲಬೇಡಿ. ಪರದೆಯ ಮೇಲೆ ಒಂದು ಚೌಕ ಬರೆದು ಫ್ರೇಮಿಗೆ 4 ಪಿಕ್ಸೆಲ್ ವೇಗದಲ್ಲಿ ಮೇಲಕ್ಕೆ ಚಿಮ್ಮಿಸಿ. ಗುಂಡಿ ಒತ್ತಿಹಿಡಿದು ಏರುತ್ತಿರುವಾಗ ಆ ವೇಗದಲ್ಲಿ ಪ್ರತಿ ಫ್ರೇಮಿಗೂ 0.125 ಕಳೆಯಿರಿ, ಬಿಟ್ಟಾಗ ಇಲ್ಲವೇ ಇಳಿಯುವಾಗ 0.4375. ಬೀಳುವ ವೇಗಕ್ಕೂ ಒಂದು ಮಿತಿ ಹಾಕಿ. ಮಾರಿಯೋಗೆ ಆ ಮಿತಿ ಏಕೆ ಬೇಕಾಯಿತು ಎಂಬುದು ಅದನ್ನು ತೆಗೆದು ನೋಡಿದ ಕೂಡಲೇ ತಿಳಿಯುತ್ತದೆ.