ಕಾರ್ಡಿಲ್ಲದವನಿಗೆ ಹಾಸಿಗೆ ಎಲ್ಲಿ?

ಚಿಕ್ಕಬಳ್ಳಾಪುರ: ಅಪಾಯ ಹೇಳಿ ಕೇಳಿ ಬರೋದಿಲ್ಲ. ಬಸ್ಸಿನಲ್ಲಿ ಕೂತವನಿಗೂ ಬರುತ್ತೆ, ಅಂಗಡಿ ಬಾಗಿಲು ತೆಗೆಯುತ್ತಿದ್ದವನಿಗೂ ಬರುತ್ತೆ, ಗುಡಿಯಲ್ಲಿ ಕೈಯೊಡ್ಡಿ ಪ್ರಸಾದ ತಗೊಂಡವಳಿಗೂ ಬರುತ್ತೆ. ಬಂದ ಮೇಲೆ ಆಸ್ಪತ್ರೆ ಬಾಗಿಲಲ್ಲಿ ಮೊದಲು ಕೇಳಬೇಕಾದ ಮಾತು ಯಾವುದು ಸ್ವಾಮಿ? "ಎಲ್ಲಿ ಪೆಟ್ಟಾಗಿದೆ" ಅಂತಲೋ, "ಕಾರ್ಡ್ ತಂದಿದ್ದೀರಾ" ಅಂತಲೋ?

ಚಿಂತಾಮಣಿಯವರು 2019ರ ಜನವರಿ 25ರ ಶುಕ್ರವಾರವನ್ನು ಮರೆತಿರಲಾರರು. ಪಟ್ಟಣದ ಗಂಗಮ್ಮನ ಗುಡಿಯ ಹತ್ತಿರ ಹಂಚಿದ ಪ್ರಸಾದದಲ್ಲಿ ವಿಷವಿತ್ತು. ತಿಂದವರಿಗೆ ವಾಂತಿ, ಹೊಟ್ಟೆನೋವು. ಮೊದಲು ಊರಿನ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಕೋಲಾರದ ದಾರಿ. ಇಬ್ಬರು ಹೆಣ್ಣುಮಕ್ಕಳು ಜೀವ ಬಿಟ್ಟರು. ಪೊಲೀಸರು ಹಿಡಿದದ್ದು, ಕೇಸು ನಡೆದದ್ದು ಬೇರೆ ಕತೆ. ಇಲ್ಲಿ ನೋಡಬೇಕಾದ್ದು ಆ ದಾರಿಯನ್ನು. 2007ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಗಿ ಕೋಲಾರದಿಂದ ಬೇರೆಯಾಯಿತು, ಬೋರ್ಡುಗಳು ಬದಲಾದವು. ಹನ್ನೊಂದು ವರ್ಷ ಕಳೆದ ಮೇಲೂ ಜೀವಕ್ಕೆ ಬಂದಾಗ ಚಿಂತಾಮಣಿಯ ರೋಗಿ ಹೋದದ್ದು ಕೋಲಾರಕ್ಕೇ.

ಅದಕ್ಕೆ ಆರು ವಾರ ಮುಂಚೆ, 2018ರ ಡಿಸೆಂಬರ್ 14ರಂದು, ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲೂ ಹೀಗೇ ಆಗಿತ್ತು. ಅಲ್ಲಿ ಸತ್ತವರು 17 ಮಂದಿ. ರೋಗಿಗಳನ್ನು ಮೈಸೂರಿಗೆ ಸಾಗಿಸಿ ಸರ್ಕಾರಿ, ಖಾಸಗಿ ಎನ್ನದೆ ಸಿಕ್ಕ ಆಸ್ಪತ್ರೆಗೆ ಸೇರಿಸಿದರು. ಚಿಕಿತ್ಸೆಯ ಖರ್ಚು ಸರ್ಕಾರದ್ದೇ ಎಂದು ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಹೇಳಿದರು. ಒಳ್ಳೆಯದೇ ಆಯಿತು. ಊರಿಗೆ ಊರೇ ಬಿದ್ದಾಗ ಮಂತ್ರಿ ಬರುತ್ತಾರೆ, ಕ್ಯಾಮರಾ ಬರುತ್ತೆ, ಘೋಷಣೆಯೂ ಬರುತ್ತೆ. ಒಬ್ಬನೇ ಬಿದ್ದವನಿಗೆ ಯಾರು ಬರುತ್ತಾರೆ? ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸುವ ಬಿಸಿನೀರು ಮೈಮೇಲೆ ಚೆಲ್ಲಿದರೆ ಅದು ದುರಂತವಲ್ಲವೇ? ಆ ಮನೆಗೆ ಅದೇ ಸುಳ್ವಾಡಿ.

ಘೋಷಣೆಗೆ ಕಾಯಬೇಕಾಗಿಲ್ಲ ಅಂತ ಕೋರ್ಟು ಹೇಳಿ ಬಹಳ ದಿನವಾಯಿತು. ಪಶ್ಚಿಮ ಬಂಗಾಳದಲ್ಲಿ ಒಬ್ಬ ಕೃಷಿ ಕೂಲಿ 1992ರ ಜುಲೈನಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಯಂತ್ರವಿಲ್ಲ, ಇನ್ನೊಂದರಲ್ಲಿ ಹಾಸಿಗೆಯಿಲ್ಲ. ರಾತ್ರಿಯೆಲ್ಲಾ ಕಲ್ಕತ್ತೆಯ ಬೀದಿ ಸುತ್ತಿ ಕೊನೆಗೆ ಖಾಸಗಿ ಆಸ್ಪತ್ರೆಗೆ ಸೇರಿ ಸುಮಾರು 17 ಸಾವಿರ ರೂಪಾಯಿ ತೆತ್ತ. ಕೂಲಿಕಾರರ ಸಂಘ ದಾವೆ ಹೂಡಿತು. 1996ರಲ್ಲಿ ಸುಪ್ರೀಂ ಕೋರ್ಟು ಆತನಿಗೆ 25 ಸಾವಿರ ಪರಿಹಾರ ಕೊಡಿಸಿ, ಜೀವ ಉಳಿಸುವುದು ಸರ್ಕಾರದ ಕರ್ತವ್ಯ, ಕಾಸಿಲ್ಲ ಅನ್ನುವ ನೆಪ ಒಪ್ಪುವುದಿಲ್ಲ ಎಂದಿತು. ಗಾಯಾಳು ಬಂದರೆ ಪೊಲೀಸ್ ಕಾಗದಕ್ಕೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕು, ಅದು ಖಾಸಗಿ ಡಾಕ್ಟರಿಗೂ ಅನ್ವಯ, ಅಂತ 1989ರಲ್ಲೇ ಇನ್ನೊಂದು ತೀರ್ಪಿತ್ತು. ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯನ್ನು 2017ರಲ್ಲಿ ತಿದ್ದಿದಾಗ, ತುರ್ತು ರೋಗಿಯ ಹತ್ತಿರ ಮುಂಗಡ ಕೇಳಬಾರದು, ಬಿಲ್ಲು ಬಾಕಿ ಅಂತ ಹೆಣ ಹಿಡಿದಿಟ್ಟುಕೊಳ್ಳಬಾರದು ಎಂದೂ ಸೇರಿತು. ಆ ತಿದ್ದುಪಡಿಗೆ ಖಾಸಗಿ ವೈದ್ಯರು ಎಷ್ಟು ಗಲಾಟೆ ಮಾಡಿದರು, ಎಷ್ಟು ದಿನ ಬಾಗಿಲು ಹಾಕಿದರು ಎನ್ನುವುದು ನೆನಪಿರಬೇಕಲ್ಲ!

ಕಾನೂನು ಹೀಗಿರುವಾಗ ಜನ ಹೆದರುವುದೇಕೆ? ಆಸ್ಪತ್ರೆ ಮೆಟ್ಟಿಲು ಹತ್ತುವ ಮೊದಲೇ ಜೇಬು ಮುಟ್ಟಿ ನೋಡಿಕೊಳ್ಳುವುದೇಕೆ? ಇದಕ್ಕೆ ಕೊರೋನಾ ಕಾಲವನ್ನೇ ನೋಡಬೇಕು.

2020ರ ಮಾರ್ಚ್‌ನಲ್ಲಿ ರಾಜ್ಯಕ್ಕೆ ರೋಗ ಹೊಸದು. ಆಗಲೇ ಗೌರಿಬಿದನೂರಿನ ಹೆಸರು ಎಲ್ಲರ ಬಾಯಲ್ಲಿ. ರಾಜ್ಯದ ಮೊದಲ ಕೆಲವು ಸಾವುಗಳಲ್ಲಿ ಒಂದು ಆ ತಾಲ್ಲೂಕಿನದು, ಜೀವ ಹೋದದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ. ಜೂನ್ ಹೊತ್ತಿಗೆ ಸರ್ಕಾರ ಖಾಸಗಿ ಆಸ್ಪತ್ರೆಗಳ ದರ ಗೊತ್ತುಮಾಡಿತು. ಈ ಲೆಕ್ಕ ಅಂಗಡಿಯವರಿಗೆ ಚೆನ್ನಾಗಿ ಅರ್ಥವಾಗುತ್ತೆ. ಸರ್ಕಾರವೇ ಕಳಿಸಿದ ರೋಗಿಯಾದರೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಇರುವ ಐಸಿಯುಗೆ 10,000. ಇದನ್ನು ಸರ್ಕಾರ ಕಟ್ಟುತ್ತೆ, ರೋಗಿ ಕಾಸು ಬಿಚ್ಚಬೇಕಾಗಿಲ್ಲ. ವಿಮೆಯಿಲ್ಲದೆ ತಾನಾಗಿ ಹೋಗಿ ಸೇರಿದವನಿಗೆ? ವಾರ್ಡಿಗೆ 10,000, ವೆಂಟಿಲೇಟರಿಗೆ 25,000, ದಿನವೊಂದಕ್ಕೆ! ಅದೇ ಹಾಸಿಗೆ, ಅದೇ ಡಾಕ್ಟರು, ಅದೇ ಗ್ಲೂಕೋಸ್ ಬಾಟಲಿ. ವ್ಯತ್ಯಾಸ ಇಷ್ಟೇ: ಒಬ್ಬ ಸರ್ಕಾರಿ ಬಾಗಿಲಿಂದ ಹೋದ, ಇನ್ನೊಬ್ಬ ಗಾಬರಿಯಲ್ಲಿ ಕಾರು ಮಾಡಿಕೊಂಡು ನೇರವಾಗಿ ಹೋದ.

ಎರಡನೇ ಅಲೆ ಬಂದಾಗ ರಾಜ್ಯದ ಆರೋಗ್ಯ ಸಚಿವರು ಚಿಕ್ಕಬಳ್ಳಾಪುರದ ಶಾಸಕರೇ. ಆದರೂ 2021ರ ಏಪ್ರಿಲ್, ಮೇ ತಿಂಗಳಲ್ಲಿ ಹಾಸಿಗೆಗಾಗಿ ಅಲೆಯುವುದು ರಾಜ್ಯದಲ್ಲಿ ಯಾವ ಊರಿಗೂ ತಪ್ಪಲಿಲ್ಲ. ಸಚಿವರ ಊರಾದರೆ ರೋಗ ರಿಯಾಯಿತಿ ಕೊಡುತ್ತದೆಯೇ?

ಈಗ ವಿಮೆ ಇಲ್ಲದವರು ಯಾರು ಅನ್ನೋದಕ್ಕೆ ಬರೋಣ. ಬಡವರು ಅಂತ ಥಟ್ಟನೆ ಹೇಳಿಬಿಡುತ್ತಾರೆ. ತಪ್ಪು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಗೌರಿಬಿದನೂರಿನ ಫ್ಯಾಕ್ಟರಿ ಕೆಲಸಗಾರನಿಗೆ ಸಂಬಳದಲ್ಲಿ ಮುರಿದುಕೊಳ್ಳುವ ಇಎಸ್ಐ ಇದೆ. ಸರ್ಕಾರಿ ನೌಕರನಿಗೆ ಅವನದೇ ವ್ಯವಸ್ಥೆ. ನಡುವೆ ಸಿಕ್ಕಿಬಿದ್ದವನು ಬಸ್ ಸ್ಟ್ಯಾಂಡ್ ಎದುರಿನ ದಿನಸಿ ಅಂಗಡಿಯವನು, ಟೈಲರು, ಸ್ವಂತ ಆಟೋದವನು, ನಾಲ್ಕು ಒಲೆ ಇಟ್ಟುಕೊಂಡ ರೀಲರು. ಎಪಿಎಲ್ ಕಾರ್ಡಿನವನಿಗೆ ಯೋಜನೆ ಕೊಡುವುದು ನಿಗದಿತ ದರದ 30 ಭಾಗ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಒಂದು ಲಕ್ಷದ ಆಪರೇಷನ್ ಅಂದುಕೊಳ್ಳಿ. ಸರ್ಕಾರದ್ದು 30 ಸಾವಿರ, ಉಳಿದ 70 ಸಾವಿರ ಅಂಗಡಿಯ ಗಲ್ಲಾದಿಂದ. ಗಲ್ಲಾದಲ್ಲಿ ಅಷ್ಟಿದ್ದರೆ ಸರಿ, ಇಲ್ಲದಿದ್ದರೆ ಚೀಟಿ ಎತ್ತಬೇಕು, ಒಡವೆ ಇಡಬೇಕು. ಜಿಎಸ್‌ಟಿ ಕಟ್ಟುವವನೂ ಇವನೇ, ಗಣೇಶನಿಗೆ ಚಂದಾ ಕೊಡುವವನೂ ಇವನೇ, ಆಸ್ಪತ್ರೆಯಲ್ಲಿ ಯಾರ ಲೆಕ್ಕಕ್ಕೂ ಸೇರದವನೂ ಇವನೇ!

ರಸ್ತೆ ಅಪಘಾತದ ಮಾತು ಬೇರೆ. ದಿನಾ ಬಸ್ಸಿನಲ್ಲಿ ಓಡಾಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹೊರಗೆ ಚಿತ್ರಾವತಿ ಬಳಿ, ನಿಂತಿದ್ದ ಟ್ಯಾಂಕರಿಗೆ ಸುಮೋ ಗುದ್ದಿ 13 ಜನ ಸತ್ತರು. ಮಂಜು ಕವಿದಿತ್ತು. ಅಂಥ ಹೆದ್ದಾರಿಯಲ್ಲಿ ಗಾಯಗೊಂಡವನ ಜೇಬಿನಲ್ಲಿ ಯಾವ ಕಾರ್ಡಿದೆ ಅಂತ ಹುಡುಕುತ್ತಾ ಕೂರಲು ಆಗುತ್ತದೆಯೇ? ಕೇಂದ್ರ ಸರ್ಕಾರ 2025ರ ಮೇನಲ್ಲಿ ಹೊರಡಿಸಿದ ಯೋಜನೆಯಂತೆ, ಮೋಟಾರು ವಾಹನದಿಂದ ಅಪಘಾತಕ್ಕೆ ಸಿಕ್ಕ ಯಾರಿಗೇ ಆಗಲಿ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ. ಎಪಿಎಲ್ಲೋ ಬಿಪಿಎಲ್ಲೋ ಕೇಳುವ ಹಾಗಿಲ್ಲ. ಆಂಧ್ರದವನಾದರೂ ಸರಿಯೇ. ಆದರೆ ಇದು ರಸ್ತೆ ಅಪಘಾತ ಅಂತ ಪೊಲೀಸರು ದೃಢಪಡಿಸಬೇಕು. ಆದ್ದರಿಂದ 112ಕ್ಕೆ ಫೋನು ಮಾಡದೆ ಗಾಯಾಳುವನ್ನು ಸುಮ್ಮನೆ ಆಟೋದಲ್ಲಿ ಹಾಕಿಕೊಂಡು ಹೋದರೆ ಮುಂದೆ ತೊಂದರೆ. ಕರೆದುಕೊಂಡು ಹೋದವನಿಗೆ ಸ್ಟೇಷನ್ನು, ಕೋರ್ಟು ಅಂತ ಕಾಟ ಕೊಡಬಾರದು ಎಂದು ರಾಜ್ಯದಲ್ಲಿ 2018ರಿಂದ ಕಾಯ್ದೆಯೇ ಇದೆ. "ನಮಗ್ಯಾಕಪ್ಪಾ" ಅಂತ ಪಕ್ಕಕ್ಕೆ ಸರಿಯುವವರಿಗೆ ಇದು ತಿಳಿದಿರಲಿ.

ಇನ್ನು ಉಳಿದ ರೋಗ, ಸುಟ್ಟಗಾಯ, ವಿಷ ಇವಕ್ಕೆಲ್ಲ ದಾರಿ ಅದೇ ಹಳೆಯದು. ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ, ಆಮೇಲೆ ಬೆಂಗಳೂರು. ತಲೆಗೆ ಪೆಟ್ಟಾದರೆ ನಿಮ್ಹಾನ್ಸ್, ಮೈ ಸುಟ್ಟರೆ ವಿಕ್ಟೋರಿಯಾ. ಚಿಂತಾಮಣಿ, ಗೌರಿಬಿದನೂರು ಎರಡಕ್ಕೂ ಬೆಂಗಳೂರು ಸುಮಾರು 75 ಕಿಲೋಮೀಟರ್, ಹೆಬ್ಬಾಳದ ಜಾಮ್ ಬೇರೆ. ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದ ಧರ್ಮಾರ್ಥ ವೈದ್ಯಕೀಯ ಕಾಲೇಜಿದೆ, ಬಿಲ್ಲಿಂಗ್ ಕೌಂಟರ್ ಇಲ್ಲದ ಆಸ್ಪತ್ರೆ ಅದರದ್ದು. ದೊಡ್ಡ ಉಪಕಾರ. ಆದರೆ ದಾನ ಬೇರೆ, ಹಕ್ಕು ಬೇರೆ. ದಾನ ಕೊಡುವವರ ಮನಸ್ಸು, ಹಕ್ಕು ಕೇಳುವವರ ಸೊತ್ತು.

ಕೇಳುವುದಕ್ಕೂ ಒಂದು ಹೊತ್ತಿದೆ. ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆ ತಾಲ್ಲೂಕು ಆಸ್ಪತ್ರೆ ಡಾಕ್ಟರು ಬರೆದುಕೊಡುವ ರೆಫರಲ್ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, 108 ಗಾಡಿಯನ್ನೇ ಕೇಳಬೇಕು. ತೀರಾ ತುರ್ತಾದರೆ ಚೀಟಿ ಇಲ್ಲದೆಯೂ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆ ಸೇರಿಸಿಕೊಳ್ಳಬಹುದು. ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬ ನೌಕರ ಇರುತ್ತಾನೆ. ರೋಗಿಯನ್ನು ಸೇರಿಸಿದ ದಿನವೇ ಅವನನ್ನು ಹುಡುಕಿ ಹೆಸರು ಬರೆಸಬೇಕು. ಕೈಯಿಂದ ದುಡ್ಡು ಕಟ್ಟಿ ಮನೆಗೆ ಬಂದ ಮೇಲೆ ರಸೀತಿ ತಗೊಂಡು ಹೋದರೆ ಈ ಯೋಜನೆಯಲ್ಲಿ ಒಂದು ಕಾಸೂ ವಾಪಸ್ಸು ಬರುವುದಿಲ್ಲ.