ಹೊಟ್ಟೆಯ ಲೆಕ್ಕ ಹೆರಿಗೆ ದಫ್ತರದಲ್ಲಿ!

ರೋಣ, ನರಗುಂದ, ಗಜೇಂದ್ರಗಡ: ‘ಏನ್ರೀ ಗೌಡ್ರ, ಮೈ ಹಿಡದೈತಲ್ಲ!’ ಅಂದರೆ ಈ ಸೀಮೆಯಲ್ಲಿ ಅದು ಹೊಗಳಿಕೆ. ಮೈ ಹಿಡಿದವನು ಉಂಡುಟ್ಟು ಸುಖವಾಗಿದ್ದಾನೆ, ಸಣಕಲನಿಗೆ ಹೃದಯದ ಬ್ಯಾನಿ ಬರುವುದಿಲ್ಲ ಎಂಬುದು ಜನರ ನಂಬಿಕೆ. ಆದರೆ ಕೈಕಾಲು ಜೋಳದ ದಂಟು, ಹೊಟ್ಟೆ ಮಾತ್ರ ಗಡಿಗೆ; ಇಂಥವರು ಸಂತೆಯಲ್ಲೂ ಸಿಗುತ್ತಾರೆ, ಕಚೇರಿ ಕುರ್ಚಿಯಲ್ಲೂ ಸಿಗುತ್ತಾರೆ. ಇವರು ದಪ್ಪನೆಯವರೋ, ಸಣಕಲರೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾದದ್ದು ಮೈಸೂರಿನ ಒಂದು ಹೆರಿಗೆ ದಫ್ತರ. ಜನ ‘ಮಿಷನ್ ಆಸ್ಪತ್ರೆ’ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಬರೆದವರಿಗೆ ಅದು ದಿನದ ಕೆಲಸ ಅಷ್ಟೇ.

ಇಂಗ್ಲೆಂಡಿನ ಪ್ರೊಫೆಸರ್ ಡೇವಿಡ್ ಬಾರ್ಕರ್ 1989ರಲ್ಲಿ ತಮ್ಮ ದೇಶದ ಹಳೇ ದಫ್ತರ ತಿರುವಿ, ಕೂಸಿದ್ದಾಗ ತೂಕ ಕಡಿಮೆ ಇದ್ದ ಗಂಡಸರಲ್ಲಿ ಹೃದಯರೋಗದ ಸಾವು ಹೆಚ್ಚು ಎಂದು ತೋರಿಸಿದರು. ಅವರ ಜೊತೆಗಿದ್ದ ಡಾ. ಕ್ಯಾರೋಲಿನ್ ಫಾಲ್ ಮೊದಲಾದವರು ಮೈಸೂರಿನ ದಫ್ತರ ಹಿಡಿದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆ ಹಚ್ಚಿ ಪರೀಕ್ಷಿಸಿದರು. 1996ರಲ್ಲಿ ಲೆಕ್ಕ ಹೊರಬಿತ್ತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯರೋಗ. ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3.

ಬೆನ್ನು ಹತ್ತಿದ ಕೆಲಸ

ಈ ಕೆಲಸವನ್ನೇ ತಮ್ಮ ವೃತ್ತಿಯಾಗಿಸಿಕೊಂಡವರು ಅದೇ ಆಸ್ಪತ್ರೆಯ ಸಂಶೋಧಕಿ ಡಾ. ಜಿ. ವಿ. ಕೃಷ್ಣವೇಣಿ. 1997-98ರಲ್ಲಿ 830 ಬಸುರಿಯರಿಂದ ಶುರುವಾದ ಅಧ್ಯಯನದಲ್ಲಿ ಮಕ್ಕಳು ದೊಡ್ಡವರಾಗುವ ತನಕ ಬೆನ್ನು ಹತ್ತಿ ಅಳೆದದ್ದಾಯಿತು. 2005ರಲ್ಲಿ ಅವರ ತಂಡ ಹೇಳಿದ್ದು: ಮೈಸೂರಿನ ಕೂಸು ಇಂಗ್ಲೆಂಡಿನ ಕೂಸಿಗಿಂತ ಸಣ್ಣದು, ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟು ಕಡಿಮೆ ಇಲ್ಲ. ಬಸುರಿಯಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಮುಂದೆ ಕೊಬ್ಬು ಹೆಚ್ಚು ಕಂಡಿತು. ಕೊರತೆಯಾದರೂ ಕೇಡು, ಸಕ್ಕರೆ ಏರಿದರೂ ಕೇಡು.

ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಇನ್ನೂ ಸರಳವಾಗಿ ತೋರಿಸಿದರು. ಅವರಿಗೂ ಇಂಗ್ಲೆಂಡಿನ ಪ್ರೊಫೆಸರ್ ಯುಡ್ಕಿನ್‌ಗೂ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2! 2004ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ತಕ್ಕಡಿಗೆ ಇಬ್ಬರೂ ತೆಳ್ಳಗಿನವರೇ.

ಅತ್ತೆಯರು ಕೇಳಬೇಕಾದ ಮಾತು

ಗರ್ಭದಲ್ಲಿ ಅನ್ನ ಕಡಿಮೆ ಬಿದ್ದರೆ ಕೂಸು ಮೆದುಳನ್ನು ಉಳಿಸಿಕೊಂಡು ಮಾಂಸಖಂಡವನ್ನು ಬಿಟ್ಟುಕೊಡುತ್ತದೆ ಎಂಬುದು ಈ ವಿದ್ವಾಂಸರ ವಾದ. ಬರಗಾಲಕ್ಕೆ ತಯಾರಾದ ಮೈಗೆ ಮುಂದೆ ಭಜಿ, ಸಕ್ಕರೆ ಚಹಾ, ಮೋಟಾರ್ ಸೈಕಲ್ಲು ಸಿಕ್ಕರೆ ಹೊಟ್ಟೆ ಬೆಳೆಯುತ್ತದೆ, ಹೃದಯ ಸೋಲುತ್ತದೆ.

ಇದು ಮೈಸೂರಿನ ಸುದ್ದಿ, ನಮಗೇನು ಎನ್ನುವ ಹಾಗಿಲ್ಲ. ‘ಬಸುರಿ ಭಾಳ ಉಂಡರ ಕೂಸು ದೊಡ್ಡದಾಗಿ ಹೆರಿಗಿ ಕಷ್ಟ’ ಎನ್ನುವ ಮನೆಗಳು ಇನ್ನೂ ಇವೆ. ಕಡಲೆ ಹೊಲದಲ್ಲಿ ಬಗ್ಗಿ ದುಡಿದ ಸೊಸೆ ಎಲ್ಲರೂ ಉಂಡ ಮೇಲೆ ತಳದ ಸಾರು ಬಳಿದುಕೊಳ್ಳುತ್ತಾಳೆ. ಗಜೇಂದ್ರಗಡದ ನೇಕಾರ ದಿನವಿಡೀ ಮಗ್ಗದ ಮುಂದೆ ಕೂತೇ ಇರುತ್ತಾನೆ. ಅವರ ಮಗನಿಗೆ ನಲವತ್ತರಲ್ಲಿ ಎದೆನೋವು ಬಂದಾಗ ಹಣೆಬರಹ ಎನ್ನುತ್ತಾರೆ.

ಮಾಡಬೇಕಾದದ್ದಕ್ಕೆ ದೊಡ್ಡ ಖರ್ಚಿಲ್ಲ. ಬಸುರಿಗೆ ರೊಟ್ಟಿಯ ಜೊತೆ ಬೇಳೆ, ಕಾಯಿಪಲ್ಲೆ, ಹಾಲು ಮೊದಲು ಬಡಿಸಬೇಕು; ಸಕ್ಕರೆ ಪರೀಕ್ಷೆ ತಪ್ಪಿಸಬಾರದು. ಕೂಸಿನ ತೂಕ ತಾಯಿ ಕಾರ್ಡಿನಲ್ಲಿ ಬರೆಸಿ, ಕಾರ್ಡನ್ನು ಜೋಪಾನ ಮಾಡಬೇಕು. ದೊಡ್ಡವರು ತಕ್ಕಡಿ ಒಂದನ್ನೇ ನಂಬದೆ ಸೊಂಟಕ್ಕೆ ಟೇಪು ಹಿಡಿಯಬೇಕು: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಟೇಪು ಎಲ್ಲಾ ಟೇಲರ್ ಅಂಗಡಿಯಲ್ಲೂ ಇದೆ.