ಮದರಾಸಿನಲ್ಲಿ ಕಂಡ ಸಿಲ್ವಿಯಾ



ಕಾಪುವಿನ ಕಡಲತೀರದಲ್ಲಿ ರಾತ್ರಿ ಕುಳಿತವರಿಗೆ ದೂರದಲ್ಲಿ ದೋಣಿಗಳ ದೀಪಗಳು ಕಾಣುವುವು. ಯಾವುದು ನಿಂತಿದೆ, ಯಾವುದು ಸಾಗುತ್ತಿದೆ ಎಂಬುದು ಒಂದೇ ನೋಟಕ್ಕೆ ತಿಳಿಯದು. ತುಸು ಹೊತ್ತು ಬಿಟ್ಟು ಮತ್ತೆ ನೋಡಬೇಕು. ಕ್ಷುದ್ರಗ್ರಹಗಳನ್ನು ಮೊದಮೊದಲು ಕಂಡುಹಿಡಿದ ಬಗೆಯೂ ಇದೇ. ನಕ್ಷತ್ರಗಳು ತಮ್ಮ ತಮ್ಮ ನೆಲೆಯಲ್ಲಿರುವಾಗ ಅವುಗಳ ನಡುವೆ ದಿನದಿನಕ್ಕೆ ಸರಿಯುವ ಚುಕ್ಕೆಯು ಸೂರ್ಯನನ್ನು ಸುತ್ತುವ ಕಾಯವೆಂದು ತಿಳಿಯಬೇಕು.

1866ನೆಯ ಇಸವಿ ಮೇ 16ರಂದು ಮದರಾಸಿನ ವೇಧಶಾಲೆಯಲ್ಲಿ ನಾರ್ಮನ್ ಪಾಗ್ಸನ್ ಎಂಬ ವಿದ್ವಾಂಸರು ಇಂತಹ ಚುಕ್ಕೆಯೊಂದನ್ನು ಕಂಡರು. ನಮ್ಮ ಉಡುಪಿ, ಕಾರ್ಕಳಗಳೂ ಆಗ ಮದರಾಸು ಪ್ರಾಂತಕ್ಕೇ ಸೇರಿದ್ದುವು. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ 87ನೆಯದಾದ ಇದಕ್ಕೆ ಸಿಲ್ವಿಯಾ ಎಂದು ಹೆಸರಾಯಿತು.

ಮಂಗಳ ಗುರುಗಳ ನಡುವಣ ಕ್ಷುದ್ರಗ್ರಹಗಳ ವಲಯದ ಹೊರ ಅಂಚು ಇದರ ನೆಲೆ. ಸೂರ್ಯನಿಂದ ಭೂಮಿ ಇರುವ ದೂರದ ಸುಮಾರು ಮೂರೂವರೆ ಪಟ್ಟು ದೂರದಲ್ಲಿದ್ದು, ಆರೂವರೆ ವರ್ಷಕ್ಕೊಮ್ಮೆ ಇದು ಸೂರ್ಯನನ್ನು ಸುತ್ತುವುದು. ಇದರ ಒಂದು ದಿನವೆಂದರೆ ನಮ್ಮ 5 ಗಂಟೆ 11 ನಿಮಿಷ ಮಾತ್ರ. ಆಕಾರ ಗುಂಡಗಿಲ್ಲ, ನೀಳವಾದುದು. ಉಡುಪಿಯಿಂದ ಬೆಂಗಳೂರಿಗೆ ನೆಟ್ಟನೆ ಗೆರೆ ಎಳೆದರೆ ಅದಕ್ಕಿಂತಲೂ ಇದರ ಉದ್ದ ಹೆಚ್ಚು. ಆದರೂ ಬರಿಗಣ್ಣಿಗೆ ಕಾಣದು.

ಇಷ್ಟು ದೂರದ ವಸ್ತುವನ್ನು ತೂಗುವುದೆಂತು? ತಕ್ಕಡಿಯನ್ನು ಒದಗಿಸಿದುದು ಅದರ ಚಂದ್ರಗಳೇ. 2001ರಲ್ಲಿ ಒಂದು, 2004ರಲ್ಲಿ ಇನ್ನೊಂದು ಪುಟ್ಟ ಚಂದ್ರ ಸಿಲ್ವಿಯಾದ ಬಳಿ ಕಂಡುವು. ರೋಮಿನವರ ಪುರಾಣದಲ್ಲಿ ಸಿಲ್ವಿಯಾಳ ಅವಳಿ ಮಕ್ಕಳಾದ ರಾಮ್ಯುಲಸ್, ರೀಮಸ್ ಎಂಬವರ ಹೆಸರುಗಳನ್ನೇ ಇವುಗಳಿಗೆ ಇಟ್ಟರು. ಹೊರಗಿನ ರಾಮ್ಯುಲಸ್ ಸುಮಾರು 1,360 ಕಿಲೋಮೀಟರು ದೂರದಲ್ಲಿ ಮೂರೂಮುಕ್ಕಾಲು ದಿನಕ್ಕೆ ತುಸು ಕಡಮೆ ಕಾಲದಲ್ಲಿ ಒಂದು ಸುತ್ತು ಮುಗಿಸುವುದು. ನಡುವಣ ಕಾಯ ಭಾರವಾದಷ್ಟೂ ಅಷ್ಟೇ ದೂರದ ಚಂದ್ರ ಬೇಗ ಸುತ್ತಬೇಕು. ಇದು ನ್ಯೂಟನ್ನನ ಆಕರ್ಷಣ ನಿಯಮ. ಆದುದರಿಂದ ದೂರ, ಕಾಲ ಎರಡನ್ನೂ ಅಳೆದರೆ ತಾಯಿಯ ತೂಕ ದೊರೆಯುವುದು.

ಹಾಗೆ ದೊರೆತ ಲೆಕ್ಕ ಅಚ್ಚರಿಯದು. ಸಮಗಾತ್ರದ ನೀರಿಗಿಂತ ಸಿಲ್ವಿಯಾ ಸ್ವಲ್ಪವೇ ಹೆಚ್ಚು ಭಾರ. ಸಾಮಾನ್ಯ ಕಲ್ಲಾದರೋ ನೀರಿನ ಎರಡೂವರೆ ಪಟ್ಟಿಗಿಂತ ಹೆಚ್ಚು ತೂಗುವುದು. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟಮೂರ್ತಿ 42 ಅಡಿ ಎತ್ತರದ ಏಕಶಿಲೆ. ಸಿಲ್ವಿಯಾ ಹಾಗಿರಲಾರದು, ಅದರೊಳಗೆ ತೆರಪುಗಳೂ ಹಿಮವೂ ಹೇರಳವಾಗಿರಬೇಕು. ಹಿಂದೆಂದೋ ದೊಡ್ಡ ಕಾಯವೊಂದು ಡಿಕ್ಕಿಗೆ ಸಿಕ್ಕಿ ಒಡೆದು, ಚೂರುಗಳು ಮತ್ತೆ ರಾಶಿಗೂಡಿ ಸಿಲ್ವಿಯಾ ಆಯಿತು, ಉಳಿದ ಚೂರುಗಳಿಂದ ಚಂದ್ರಗಳಾದುವು ಎಂದು ಖಗೋಳಜ್ಞರು ಊಹಿಸುವರು.

ಪಾಗ್ಸನ್ನರಿಗೆ ಕಂಡುದು ಒಂದು ಚುಕ್ಕೆ ಮಾತ್ರ. ಅದರ ಒಡಲಿನ ಸಂಗತಿ ನಮಗೆ ತಿಳಿಯಲು 135 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.